ದನಿ ಹೋದರೆ ಕೈ ಕಟ್ಟಿ ಕೂರು

ಮೊದಲು ಆ ಫೋನು ಆರಿಸು ಮಗು. ಸುಮ್ಮನೆ ಬೋರಲು ಹಾಕಿದರೆ ಆಗುವುದಿಲ್ಲ, ಪೂರ್ತಿ ಆರಿಸಬೇಕು. ಕಿಟಕಿಯಿಂದ ಬಗ್ಗಿ ನೋಡು, ಗುಡ್ಡದ ಮೇಲೆ ಆ ದೊಡ್ಡ ರೇಡಿಯೋ ತಟ್ಟೆ ಪೂರ್ವಕ್ಕೆ ವಾಲಿದೆ, ಗೇಟಿನ ಹತ್ತಿರ ಕೆಂಪು ದೀಪ ಉರಿಯುತ್ತಿದೆ. ತಟ್ಟೆ ಆಕಾಶಕ್ಕೆ ಕಿವಿ ಕೊಟ್ಟು ಕೂತಿರುವಾಗ ನಮ್ಮ ಯಾರಬಿಂಡಿ ಊರಲ್ಲಿ ಫೋನು ಮುಟ್ಟುವವರಿಲ್ಲ, ಮೈಕ್ರೋವೇವ್‌ನಲ್ಲಿ ಹಾಲು ಕಾಯಿಸುವವರಿಲ್ಲ. ಒಂದು ಸಲ ನಾನು ಮರೆತು ಹಿಂದಿನ ದಿನದ ಕುರಿಮಾಂಸದ ಪೈ ಬಿಸಿ ಮಾಡಿದೆ. ಅದರ ಅಲೆ ತಟ್ಟೆಗೆ ತಾಗಿ, ಗುಡ್ಡದ ಮೇಲಿದ್ದವರು ಅರ್ಧ ದಿನ ಹೊಸ ನಕ್ಷತ್ರ ಸಿಕ್ಕಿತೆಂದು ಕುಣಿದಾಡಿದರು. ಇರಲಿ, ಆ ಕಥೆ ಬೇರೆ.

ಈಗ ಬರೆದುಕೋ. ನನ್ನ ತಮ್ಮ ಕ್ಲೈವ್ ಪಾಸ್ಕೋ ಸತ್ತಿಲ್ಲ. ನಿಮ್ಮ ಪೇಪರಿನಲ್ಲಿ ಇದನ್ನು ಮೊದಲ ಸಾಲಿಗೇ ಹಾಕು. ಮಂಗಳವಾರ ಮಧ್ಯಾಹ್ನ ಉಣ್ಣೆ ಕೊಟ್ಟಿಗೆಯಲ್ಲಿ ಅವನ ಉಸಿರು ನಿಂತಿತೆಂದು ಊರಿಗೆಲ್ಲ ಸುದ್ದಿ ಹಬ್ಬಿ, ಸಂಜೆಯೊಳಗೆ ನನ್ನ ಮನೆಗೆ, ಸಾವಿನ ಮನೆಗೆ ಕೊಡುವ ಹಾಗೆ, ನಾಲ್ಕು ಕೇಕು ಬಂದವು. ಆ ಸುದ್ದಿ ಹುಟ್ಟಿದ್ದೇ ನನ್ನ ಬಾಯಿಂದ. ಇವತ್ತು ಶನಿವಾರ.

ಕ್ಲೈವ್ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ನಮ್ಮಪ್ಪ ಕುರಿ ಉಣ್ಣೆ ಕತ್ತರಿಸುವವನು, ಇವನೂ ಅದೇ ಮಾಡಲಿ ಎಂದುಕೊಂಡಿದ್ದ. ಆದರೆ ಇವನ ಕೈಗೆ ಕುರಿ ಕೊಟ್ಟರೆ, ಅದು ಒದ್ದಾಡುವುದು ನಿಲ್ಲಿಸುವವರೆಗೂ ಕಾಯುತ್ತಾ ಕೂರುತ್ತಿದ್ದ. ಒಂದು ದಿನಕ್ಕೆ ಹನ್ನೊಂದು ಕುರಿ. ಬೇರೆಯವರು ನೂರು ದಾಟಿಸಿರುತ್ತಿದ್ದರು. "ಇವನಿಗೆ ಕುರಿ ಕೊಡಬ್ಯಾಡ್ರೋ, ಇಬ್ರೂ ಮುದುಕ್ರಾಗ್ತಾರೆ" ಎಂದು ಅಪ್ಪ ನಗುತ್ತಿದ್ದ. ಹತ್ತೊಂಬತ್ತಕ್ಕೆ ಗುಡ್ಡದ ಮೇಲೆ ತಟ್ಟೆಗೆ ಎಣ್ಣೆ ಹಚ್ಚುವ ಕೆಲಸಕ್ಕೆ ಹೋದವನು ಅಲ್ಲೇ ನಲವತ್ತೊಂದು ವರ್ಷ ಉಳಿದ. ಎಣ್ಣೆ ಹಚ್ಚುವವನು ಹೋಗಿ ತಟ್ಟೆ ತಿರುಗಿಸುವವನಾದ. ದೂರದಲ್ಲಿ ಹೋಗುತ್ತಿರುವ ನೌಕೆಗಳ ಕಡೆಗೆ ತಟ್ಟೆಯ ಮುಖ ಇಡುವುದು, ಅವುಗಳ ದನಿ ಕೇಳುವುದು, ನಮ್ಮ ಕಡೆಯ ಮಾತನ್ನು ಅವಕ್ಕೆ ಮುಟ್ಟಿಸುವುದು, ಇಷ್ಟೇ ಕೆಲಸ.

ಅಲ್ಲಿ ಹಾಲೊರನ್ ಎಂಬ ಮುದುಕ ಇವನಿಗೆ ಗುರು. ಅವನು ಕಲಿಸಿದ ಪಾಠ ಒಂದೇ: ದನಿ ಹೋದರೆ ಕೈ ಕಟ್ಟಿ ಕೂರು. ನೌಕೆಯ ದನಿ ಕೇಳಿಸದೆ ಹೋದರೆ ಗಾಬರಿಯಾಗಿ ತಟ್ಟೆ ಅತ್ತ ಇತ್ತ ತಿರುಗಿಸಬಾರದು. ಅದು ಎಲ್ಲಿರಬೇಕೋ ಆ ದಿಕ್ಕಿಗೇ ಮುಖ ಇಟ್ಟು, ಕರೆಯುತ್ತಾ, ಕಾಯುತ್ತಾ ಇರಬೇಕು. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ಕಳೆದುಹೋಗುತ್ತಾರೆ. ಒಂದು ಸಲ ಒಂದು ನೌಕೆ ಬೆಳಗ್ಗೆ ಆರಕ್ಕೆ ಮೂಕವಾಗಿ ಸಂಜೆ ಐದಕ್ಕೆ ಮಾತಾಡಿತು. ಮಧ್ಯಾಹ್ನ ನಾನು ಸೂಪು ಒಯ್ದಾಗ ಇವನು ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡು ನಿಮಿಷಕ್ಕೊಮ್ಮೆ ಬಗ್ಗಿ, ಮೆಲ್ಲಗೆ ಕರೆದು, ಮತ್ತೆ ಹಿಂದಕ್ಕೆ ಒರಗುತ್ತಿದ್ದ. ಸೂಪು ಆರಿ ಕೆನೆಗಟ್ಟಿತು.

ಈ ಚಾಳಿ ಮನೆಗೂ ಬಂತು. ಮದುವೆಯಾದ ಹೊಸತರಲ್ಲಿ ಇವನೂ ಇವನ ಹೆಂಡತಿ ಐಲ್ಸಾಳೂ ಸಿಡ್ನಿಗೆ ಹೋಗಿ, ದೊಡ್ಡ ಅಂಗಡಿಯೊಂದರಲ್ಲಿ ಬೇರೆ ಬೇರೆಯಾದರು. ಐಲ್ಸಾ ಮೂರು ಅಂತಸ್ತು ಹತ್ತಿಳಿದು, ಪೊಲೀಸರಿಗೂ ಹೇಳಿ, ಕೊನೆಗೆ ಅಳುತ್ತಾ ಬಂದರೆ ಇವನು ಸೋಪಿನ ಕಪಾಟಿನ ಪಕ್ಕ, ಅವಳು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದ. ಎರಡು ಗಂಟೆ. "ಒಂದು ಹೆಜ್ಜೆ ಆಚೆ ಇಟ್ಟಿದ್ರೆ ನಿಮ್ಮಪ್ಪನ ಗಂಟೇನ್ ಹೋಗ್ತಿತ್ತು?" ಎಂದು ಅವಳು ಕೇಳಿದರೆ, "ನೀನು ಬರ್ತೀಯ ಅಂತ ಗೊತ್ತಿತ್ತಲ್ಲ" ಎಂದನಂತೆ. ಐಲ್ಸಾ ಹೋಗಿ ಒಂಬತ್ತು ವರ್ಷವಾಯಿತು. ಬದುಕಿರುವವರೆಗೂ ಸೋಪು ಕಂಡರೆ ಅವಳಿಗೆ ನಗು ಬರುತ್ತಿತ್ತು.

ಇನ್ನೊಂದು ಚಾಳಿ. ಏನು ಕೇಳಿದರೂ ಇವನು ಎರಡೂವರೆ ಸೆಕೆಂಡು ಬಿಟ್ಟೇ ಉತ್ತರ ಕೊಡುವುದು. ಚಂದ್ರನ ಹತ್ತಿರ ಇರುವವರಿಗೆ ಒಂದು ಮಾತು ಹೇಳಿದರೆ ಅದು ಹೋಗಿ, ಅವರ ಉತ್ತರ ಬರುವುದಕ್ಕೆ ಅಷ್ಟು ಹೊತ್ತು ಬೇಕಂತೆ. ಆ ಲೆಕ್ಕ ಇವನ ನಾಲಗೆಗೆ ಅಂಟಿಬಿಟ್ಟಿದೆ. ಊರಿಗೆ ಹೊಸಬರು ಬಂದರೆ ಇವನಿಗೆ ಕಿವಿ ಮಂದ ಎಂದು ತಿಳಿದು ಕೂಗಿ ಮಾತಾಡುತ್ತಾರೆ.

ಇವನ ಮಗಳು ಬ್ರಾನ್ವೆನ್. ನಾವು ಕರೆಯುವುದು ಬ್ರಾನ್ ಎಂದು. ಆರು ವರ್ಷ ಅವಳೂ ತಟ್ಟೆಯಲ್ಲಿ ಕೆಲಸ ಮಾಡಿದಳು. ಕ್ಲೈವನ ಎದೆ ಆಗ ಹೆಮ್ಮೆಗೆ ನಮ್ಮ ಮ್ಯಾಗ್‌ಪೈ ಹಕ್ಕಿಯ ಹಾಗೆ ಮುಂದೆ ಇರುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವಳು ಆ ಕೆಲಸ ಬಿಟ್ಟು, ನಮ್ಮ ಹಳೆಯ ಉಣ್ಣೆ ಕೊಟ್ಟಿಗೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ವಿಡಿಯೋ ಆಟ ಮಾಡಲು ಕೂತಳು. ಬಾಹ್ಯಾಕಾಶದ ಆಟ. ಕಣ್ಣಿಗೆ ಮುಖವಾಡದಂಥ ಕನ್ನಡಕ ಕಟ್ಟಿಕೊಂಡರೆ ನೀನೇ ಅಲ್ಲಿ ತೇಲುತ್ತಿರುತ್ತೀಯ.

ಕ್ಲೈವನಿಗೆ ಆ ಮಾತು ಎತ್ತಿದರೆ ಮೈ ಉರಿ. ಯಾರದೋ ಮನೆಯಲ್ಲಿ ಅಂಥ ಆಟಗಳನ್ನು ಕಂಡಿದ್ದ.

"ನೌಕೆ ಸಿಡಿದ್ರೆ ಢಂ ಅನ್ನತ್ತಲ್ಲ, ಆ ಢಂ ನಿನ್ನ ಕಿವಿಗೆ ಹೊತ್ಕೊಂಡು ಬರೋದು ಯಾರು? ಅಲ್ಲಿ ಗಾಳಿ ಎಲ್ಲಿದೆ?"

"ನನ್ನ ಆಟದಲ್ಲಿ ಢಂ ಇಲ್ಲ ಅಪ್ಪ."

"ಬಣ್ಣ ಬಣ್ಣದ ಮೋಡ ಇಟ್ಟಿರ್ತಾರೆ, ಮದುವೆ ಮನೆ ಪರದೆ ಥರ."

"ಮೋಡಾನೂ ಇಲ್ಲ. ಬಂದು ನೋಡು."

ಎರಡೂವರೆ ಸೆಕೆಂಡು. "ಕುರಿಗೆ ನೀರು ಬಿಡ್ಬೇಕು."

ನಾಲ್ಕು ವರ್ಷ ಕುರಿಗೆ ನೀರು ಬಿಟ್ಟ. ಮನೆಯಿಂದ ಕೊಟ್ಟಿಗೆಗೆ ಎಷ್ಟು ದೂರ, ಇಲ್ಲಿಂದ ಉಗುಳಿದರೆ ಅಲ್ಲಿ ಬೀಳುತ್ತದೆ. ಒಂದು ದಿನವೂ ಕಾಲಿಡಲಿಲ್ಲ. ಬ್ರಾನ್ ನನ್ನ ಅಡುಗೆಮನೆಯಲ್ಲಿ ಕೂತು ಹೇಳುತ್ತಿದ್ದಳು, "ಅತ್ತೆ, ಆಟ ಊರೆಲ್ಲ ಹೊಗಳಲಿ, ತೆಗಳಲಿ, ನಂಗೆ ಚಿಂತೆ ಇಲ್ಲ. ಅಪ್ಪ ಒಂದ್ಸಲ ನೋಡಿ, ಹೌದು, ಅಲ್ಲಿ ಹಿಂಗೇ ಇರತ್ತೆ ಅಂದ್ರೆ ಸಾಕು." ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಮುಂದಿನ ಸೋಮವಾರ ಆಟ ಹೊರಬೀಳುವುದಿತ್ತು. ಆಮೇಲೆ ಹೇಳಿದರೆ ಏನು ಬಂತು?

ಅದಕ್ಕೇ ಮಂಗಳವಾರ ನಾನೇ ಅವನ ತೋಳು ಹಿಡಿದು ಎಳೆದುಕೊಂಡು ಹೋದೆ. ಕುರಿಮಾಂಸದ ಚಾಪ್ಸು ಮಾಡಿ ಹೊಟ್ಟೆ ತುಂಬಿಸಿದ್ದೆ. ಹೊಟ್ಟೆ ತುಂಬಿದ ಗಂಡಸು ಅಷ್ಟು ಹಟ ಮಾಡುವುದಿಲ್ಲ.

ಕೊಟ್ಟಿಗೆಯಲ್ಲಿ ಬ್ರಾನ್ ಜೊತೆ ಕೆಲಸ ಮಾಡುವ ತೆವಿಟಾ ಇದ್ದ. ಟೊಂಗಾ ದ್ವೀಪದವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುವುದಿಲ್ಲ, ಮಾತು ಮಾತ್ರ ಪಾರಿವಾಳದ್ದು. ಅವನು ಆಟಕ್ಕೆ ಶಬ್ದ ಮಾಡುವವನು.

"ಶಬ್ದಾನೇ ಇಲ್ಲದಿರೋ ಜಾಗಕ್ಕೆ ಶಬ್ದ ಮಾಡೋಕೆ ಒಬ್ಬ ಆಳಾ?" ಎಂದ ಕ್ಲೈವ್.

"ಒಳಗಿನ ಶಬ್ದ ಇರತ್ತಲ್ಲ ಯಜಮಾನ್ರೆ," ಎಂದ ತೆವಿಟಾ. "ಉಡುಪಿನೊಳಗೆ ನಿಮ್ಮ ಉಸಿರು, ನಿಮ್ಮ ಎದೆ, ಕೈಗವಸಿನ ಕಿರ್ ಕಿರ್. ಅಷ್ಟೇ. ಉಸಿರು ನಂದೇ. ನಿಮ್ಮ ಕುರಿ ನೀರಿನ ತೊಟ್ಟೀಲಿ ತಲೆಗೆ ಗಾಜಿನ ಬುರುಡೆ ಹಾಕ್ಕೊಂಡು ಕೂತು ರೆಕಾರ್ಡ್ ಮಾಡಿದ್ದು."

"ಅದಕ್ಕೇ ಮೊನ್ನೆ ಕುರಿಗಳು ನೀರು ಕುಡೀಲಿಲ್ಲ."

ಎಲ್ಲರೂ ನಕ್ಕೆವು. ಬ್ರಾನ್ ಮಾತ್ರ ನಗಲಿಲ್ಲ, ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಅಪ್ಪನ ಕಣ್ಣಿಗೆ ಕನ್ನಡಕ ಕಟ್ಟಿ, ಕಿವಿಗೆ ದಪ್ಪ ಮುಚ್ಚಳ ಹಾಕಿ, ಎರಡು ಕೈಗೂ ಆಟ ನಡೆಸುವ ಒಂದೊಂದು ಹಿಡಿ ಕೊಟ್ಟಳು. ಅವನು ನೋಡುವುದು ನಮಗೆ ಗೋಡೆಯ ಪರದೆಯ ಮೇಲೆ ಕಾಣುತ್ತಿತ್ತು. ಅವನು ಕೇಳುವುದು ಸ್ಪೀಕರ್ ಪೆಟ್ಟಿಗೆಯಿಂದ ಕೇಳುತ್ತಿತ್ತು.

ಮಗು, ಆ ಕಪ್ಪು. ನಮ್ಮ ಹೊಲದಲ್ಲಿ ಅಮಾವಾಸ್ಯೆಯ ದಿನವೂ ಅಂಥ ಕಪ್ಪಿಲ್ಲ. ನಕ್ಷತ್ರಗಳು ಮಿನುಗುತ್ತಿರಲಿಲ್ಲ. ಯಾರೋ ಮೊಳೆ ಹೊಡೆದ ಹಾಗೆ ಸುಮ್ಮನೆ ಇದ್ದವು. ನೌಕೆಯ ಬಿಸಿಲು ಬಿದ್ದ ಮಗ್ಗುಲು ಕಣ್ಣು ಚುಚ್ಚುತ್ತಿತ್ತು, ನೆರಳಿನ ಮಗ್ಗುಲು ಕತ್ತರಿಸಿ ತೆಗೆದ ಹಾಗೆ ಇಲ್ಲವೇ ಇಲ್ಲ. ದೂರದಲ್ಲಿ ನಮ್ಮ ಭೂಮಿ. ಕ್ಲೈವ್ ಹೆಬ್ಬೆರಳು ಚಾಚಿದ, ಭೂಮಿ ಮುಚ್ಚಿಹೋಯಿತು. ತೆಗೆದ, ಮತ್ತೆ ಬಂತು.

"ಮಿನುಗಲ್ಲ. ಸರಿ," ಎಂದ. "ನೆರಳು ಸರಿ." ಬ್ರಾನ್ ನನ್ನ ಕೈ ಹಿಡಿದುಕೊಂಡಳು. ಎಲುಬು ಮುರಿಯುತ್ತದೆಂದುಕೊಂಡೆ.

ಆಗ ಆಟದಲ್ಲಿ ಅವನನ್ನು ನೌಕೆಗೆ ಕಟ್ಟಿದ್ದ ಹಗ್ಗ ಕಿತ್ತಿತು. ಶಬ್ದವೇ ಇಲ್ಲ, ಮಗು. ಹಗ್ಗ ಹಾವಿನ ಹಾಗೆ ಒಮ್ಮೆ ಸುಳಿಯಿತು, ಅಷ್ಟೇ. ನೌಕೆಯ ಮಾತು ಕಿವಿಯಲ್ಲಿ ಕಟ್ಟಾಯಿತು. ಇವನು ನಿಧಾನಕ್ಕೆ ಬುಗುರಿಯ ಹಾಗೆ ಸುತ್ತುತ್ತಾ ದೂರ ತೇಲತೊಡಗಿದ. ಆಡುವವರು ಅಲ್ಲಿ ಕೈಯ ಹಿಡಿಯನ್ನು ಒತ್ತಬೇಕು. ಬೆನ್ನಿನ ಚೀಲದ ಗಾಳಿ ಬುಸುಗುಟ್ಟಿ ನೌಕೆಯ ಕಡೆಗೆ ತಳ್ಳುತ್ತದೆ. ಆಡಿ ನೋಡಿದ ಮುನ್ನೂರು ಜನರೂ ಒಂದು ನಿಮಿಷದೊಳಗೆ ಒತ್ತಿದ್ದರಂತೆ.

ಕ್ಲೈವ್ ಎರಡೂ ಹಿಡಿಗಳನ್ನು ಬಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು ಕೂತ.

"ಅಪ್ಪ, ಹಿಡಿ ಒತ್ತು," ಎಂದಳು ಬ್ರಾನ್. ಕಿವಿಗೆ ಮುಚ್ಚಳ, ಎಲ್ಲಿ ಕೇಳಬೇಕು. ಅವಳು ಕೈ ಚಾಚಿದಳು, ಮತ್ತೆ ಹಿಂದಕ್ಕೆಳೆದುಕೊಂಡಳು. "ಬೇಡ. ನಾನು ಮುಟ್ಟಿದ್ರೆ, ಪೂರ್ತಿ ನೋಡೋಕೆ ಬಿಡ್ಲಿಲ್ಲ ಅಂತಾನೆ. ಅವನೇ ಒತ್ತಲಿ."

ಹತ್ತು ನಿಮಿಷ. ನೌಕೆ ಅಕ್ಕಿ ಕಾಳಾಯಿತು, ಚುಕ್ಕೆಯಾಯಿತು, ಇಲ್ಲವಾಯಿತು. ಇಪ್ಪತ್ತು ನಿಮಿಷ. ನಾನು ಹೆಣಿಗೆ ತೆಗೆದೆ. ಪರದೆಯ ಮೇಲೆ ಕಪ್ಪು, ಮತ್ತೆ ಕಪ್ಪು, ಒಂದು ಸಲ ಭೂಮಿ ಹಾದುಹೋಗುತ್ತದೆ, ಮತ್ತೆ ಕಪ್ಪು. ಪೆಟ್ಟಿಗೆಯಿಂದ ಉಸಿರು. ಒಳಗೆ, ಹೊರಗೆ. ಹೆಣಿಗೆಯ ಲೆಕ್ಕ ತಪ್ಪಿ ಎರಡು ಸಲ ಬಿಚ್ಚಿದೆ.

"ಏನ್ ಮಾಡ್ತಿದ್ದಾರೆ ಅವರು?" ಎಂದ ತೆವಿಟಾ.

ನನಗೆ ಆಗ ಹೊಳೆಯಿತು. "ಕಾಯ್ತಿದ್ದಾನೆ ಕಣಪ್ಪ. ಸೋಪಿನ ಪಕ್ಕ ನಿಂತಿದ್ದಾನೆ."

ನಲವತ್ತು ನಿಮಿಷ. ಉಸಿರು ಜೋರಾಯಿತು. ಚಿಕ್ಕದಾಯಿತು. ಕುರಿ ಮರಿ ಹಾಕುವಾಗ ಏದುತ್ತದಲ್ಲ, ಹಾಗೆ. ಕ್ಲೈವನ ಮುಖದ ಅರ್ಧ ಕನ್ನಡಕದಲ್ಲಿ ಮುಚ್ಚಿಹೋಗಿತ್ತು, ಕಂಡಷ್ಟು ಮುಖ ಹಿಟ್ಟಿನ ಬಣ್ಣ. ಐವತ್ತನೆಯ ನಿಮಿಷಕ್ಕೆ ಆ ಉಸಿರು ಒಮ್ಮೆ ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಪರದೆ ಕಪ್ಪಾಯಿತು. ನನ್ನ ತಮ್ಮ ಅಲುಗಲಿಲ್ಲ.

ಅದು ತೆವಿಟಾನ ಉಸಿರು, ತೊಟ್ಟಿಯಲ್ಲಿ ಹಿಡಿದದ್ದು, ಆಟದೊಳಗಿನ ಗಾಳಿ ತೀರಿದಾಗ ನಿಲ್ಲುವುದು ಎಂದು ನನಗೆ ಮುಂಚೆಯೇ ಹೇಳಿದ್ದರು ನಿಜ. ಆದರೆ ಐವತ್ತು ನಿಮಿಷ ಒಬ್ಬನ ಮುಖ ನೋಡುತ್ತಾ ಒಂದು ಉಸಿರು ಕೇಳು, ಆಮೇಲೆ ಆ ಉಸಿರು ಯಾರದೆಂದು ನನಗೆ ಹೇಳು. ಹೆಣಿಗೆ ಕೈಯಿಂದ ಬಿತ್ತು. "ಅಯ್ಯೋ, ಕ್ಲೈವ್ ಹೋದ" ಎಂದು ಕಿರುಚಿದೆ. ಬ್ರೆಡ್ಡು ಕೊಡಲು ಬಾಗಿಲಿಗೆ ಬಂದಿದ್ದ ಬೇಕರಿಯ ಹೆಂಗಸು ಅಷ್ಟು ಕೇಳಿ, ಬ್ರೆಡ್ಡು ಅಲ್ಲೇ ಇಟ್ಟು ಓಡಿದಳು. ಕೇಕುಗಳು ಬಂದದ್ದು ಹೀಗೆ.

ಬ್ರಾನ್ ಹಾರಿ ಬಂದು ಅಪ್ಪನ ಕನ್ನಡಕ, ಕಿವಿಯ ಮುಚ್ಚಳ ಎರಡೂ ಕಿತ್ತಳು. ಕಣ್ಣು ತೆರೆದೇ ಇದ್ದವು. ಕೆನ್ನೆಯೆಲ್ಲ ಒದ್ದೆ. ನಮ್ಮಮ್ಮ ಸತ್ತಾಗಲೂ, ಐಲ್ಸಾ ಹೋದಾಗಲೂ ಇವನ ಕಣ್ಣಲ್ಲಿ ನೀರು ಕಾಣದ ನಾನು ನಿಂತಲ್ಲೇ ಕಲ್ಲಾದೆ.

"ಅಪ್ಪ. ಅಪ್ಪ, ಕೇಳ್ತಿದೆಯಾ?"

ಎರಡೂವರೆ ಸೆಕೆಂಡಲ್ಲ, ಎಷ್ಟೋ ಹೊತ್ತು. ಆಮೇಲೆ ಹೇಳಿದ, "ಯಾರೂ ಕರೀಲಿಲ್ಲ."

"ಏನು?"

"ಭೂಮಿ ನನ್ನ ಮುಂದೆ ಮೂವತ್ತೊಂದು ಸಲ ಬಂತು. ನಾನು ಸುತ್ತುತ್ತಿದ್ದೆ. ಬೆನ್ನು ಆ ಕಡೆ ಇದ್ದಾಗ ಕೇಳಲ್ಲ, ಸರಿ. ಮುಖ ತಿರುಗಿದಾಗ ಕೇಳ್ಬೇಕಲ್ಲ. ಮೂವತ್ತೊಂದು ಸಲ ಕಿವಿ ಕೊಟ್ಟೆ. ಯಾರೂ ಕರೀಲಿಲ್ಲ. ಆ ಕಡೆ ಯಾರನ್ನ ಇಟ್ಟಿದ್ದೆ ಬ್ರಾನ್?"

"ಯಾರೂ ಇಲ್ಲ ಅಪ್ಪ. ಅಷ್ಟೊತ್ತು ಯಾರೂ ಕಾಯಲ್ಲ. ಹಿಡಿ ಒತ್ತಿಬಿಡ್ತಾರೆ. ಅದಕ್ಕೆ ಆಮೇಲೆ ಏನೂ ಇಡ್ಲಿಲ್ಲ."

"ಏನೂ ಇಲ್ಲ."

"ಇಲ್ಲ."

"ಮತ್ತೆ ನಾನು ನಲವತ್ತೊಂದು ವರ್ಷ ಎಲ್ಲಿ ಕೂತಿದ್ದೆ ಅಂದ್ಕೊಂಡೆ?"

ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. ಎದ್ದ, ಗೋಡೆ ಹಿಡಿದುಕೊಂಡು ನಿಂತ, ನೆಲ ಇದೆಯೋ ಇಲ್ಲವೋ ಎಂದು ಒಂದು ಕಾಲು ಊರಿ ನೋಡಿದ, ಹೊರಟುಹೋದ. ಬ್ರಾನ್ ಉಣ್ಣೆ ಒತ್ತುವ ಯಂತ್ರದ ಮೇಲೆ ಕುಸಿದು ಕೂತಳು. ಅವಳ ಮುಖ ಅವಳ ಅಪ್ಪನ ಮುಖಕ್ಕಿಂತ ಬೆಳ್ಳಗಿತ್ತು. "ಕತ್ತಲೆ ಸರಿ ಮಾಡೋಕೆ ಎರಡು ವರ್ಷ ತಗೊಂಡೆ ಅತ್ತೆ," ಎಂದಳು. "ನಕ್ಷತ್ರ ಒಂದೊಂದೂ ಅದರದರ ಜಾಗದಲ್ಲೇ ಇಟ್ಟೆ. ತಟ್ಟೆ ಮನೇಲಿ ಹುಟ್ಟಿ ಬೆಳೆದು, ಆರು ವರ್ಷ ಅದೇ ಕುರ್ಚೀಲಿ ಕೂತು, ಕುರ್ಚೀನೇ ಮರ್ತೆ."

ಬುಧವಾರ ಕ್ಲೈವ್ ಮನೆಯಿಂದ ಹೊರಗೆ ಬರಲಿಲ್ಲ. ಗುರುವಾರವೂ ಇಲ್ಲ. ಸತ್ತವನನ್ನು ನೋಡಲು ಬಂದವರು ಬದುಕಿರುವವನನ್ನೂ ಕಾಣದೆ, ಕೇಕಿನ ತಟ್ಟೆಗಳನ್ನು ನನ್ನ ಹತ್ತಿರವೇ ಬಿಟ್ಟುಹೋದರು. ಬೇಕರಿಯವಳಂತೂ, "ಹಂಗಾದ್ರೆ ಸತ್ತಿಲ್ವಾ?" ಎಂದು ಕೇಳಿದ ಧಾಟಿಯಲ್ಲಿ ಸ್ವಲ್ಪ ಬೇಸರವೇ ಇತ್ತು. ನಾನು ಬ್ರಾನ್‌ಗೆ ಹೇಳಿದೆ, "ಹೋಗೇ, ಅಪ್ಪನ ಕಾಲಿಗೆ ಬೀಳು, ಮಾತಾಡ್ಸು." ಅವಳು ಒಲ್ಲೆ ಎಂದು ತಲೆಯಾಡಿಸಿದಳು. ಆಟ ಸೋಮವಾರ ಬರುವುದಿಲ್ಲ, ಒಂದು ತಿಂಗಳು ತಡ ಎಂದು ಎಲ್ಲರಿಗೂ ಬರೆದು ಹಾಕಿದಳು. ಆಮೇಲೆ ಕೊಟ್ಟಿಗೆಯ ಬಾಗಿಲು ಪೂರ್ತಿ ತೆಗೆದಿಟ್ಟು, ಅಪ್ಪನ ಮನೆಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಕೈ ಎರಡೂ ತೊಡೆಯ ಮೇಲಿಟ್ಟು ಕೂತಳು. ಎರಡು ದಿನ. ನೊಣಗಳನ್ನು ಓಡಿಸುವುದಕ್ಕೂ ಕೈ ಎತ್ತಲಿಲ್ಲ. ಅಪ್ಪನಿಗೆ ತಕ್ಕ ಮಗಳು. ಇಬ್ಬರಿಗೂ ಎರಡು ಬಾರಿಸಬೇಕು ಅನ್ನಿಸಿತು ನನಗೆ.

ನಿನ್ನೆ ಬೆಳಗ್ಗೆ, ಗುಲಾಬಿ ಗಿಳಿಗಳು ಬೇಲಿಯ ಮೇಲೆ ಗಲಾಟೆ ಮಾಡುವ ಹೊತ್ತಿಗೆ, ಕ್ಲೈವ್ ಹೊರಗೆ ಬಂದ. ಮೊದಲು ನನ್ನ ಮನೆಗೆ ಬಂದು ಚಹ ಕುಡಿದ. ಕಂಕುಳಲ್ಲಿ ಒಂದು ಹಳೆಯ ಪುಸ್ತಕ, ಹಾಲೊರನ್ ಮುದುಕ ಕೊಟ್ಟದ್ದು. ದನಿ ಹೋದ ನೌಕೆಯನ್ನು ಎಷ್ಟು ಹೊತ್ತಿಗೊಮ್ಮೆ ಕರೆಯಬೇಕು, ಯಾವ ಮಾತಲ್ಲಿ ಕರೆಯಬೇಕು, ಎಲ್ಲ ಅದರಲ್ಲಿದೆ. ಇರುವೆ ಸಾಲಿನಂಥ ಅಕ್ಷರ.

"ಅಲ್ಲಿ ನಿಂಗೆ ಏನಾಯ್ತೋ?" ಎಂದು ಕೇಳಿದೆ.

ಎರಡೂವರೆ ಸೆಕೆಂಡು. "ನಾನು ಯಾವಾಗ್ಲೂ ಕರೆಯೋ ಕಡೆ ಇದ್ದೆ ಡಲ್ಸೀ ಅಕ್ಕ. ಕರೆಸ್ಕೊಳ್ಳೋ ಕಡೆ ಹೆಂಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ." ಬಟ್ಟಲು ಕೆಳಗಿಟ್ಟ. "ನಲವತ್ತೊಂದು ವರ್ಷದಲ್ಲಿ ಒಂದ್ಸಲಾನಾದ್ರೂ ನಾನು ತೂಕಡಿಸಿ ಒಂದು ಕರೆ ಬಿಟ್ಟಿದ್ದೆನಾ ಅಂತ ಎರಡು ದಿನದಿಂದ ಯೋಚಿಸ್ತಿದ್ದೀನಿ."

ಆಮೇಲೆ ಹೊಲ ದಾಟಿ ಕೊಟ್ಟಿಗೆಗೆ ನಡೆದ. ನಾನೂ ಹಿಂದೆಯೇ ಹೋದೆ, ಬಿಡುತ್ತೇನೆಯೇ. ಬ್ರಾನ್ ಕುರ್ಚಿಯಿಂದ ಏಳಲಿಲ್ಲ. ಅವನು ಅವಳ ಮುಂದೆ ನಿಂತು ಹೇಳಿದ, "ನಿನ್ನ ಕತ್ತಲೆ ಸರಿಯಾಗಿದೆ. ಅಲ್ಲಿ ಹಿಂಗೇ ಇರತ್ತೆ."

ಅವಳು ನಾಲ್ಕು ವರ್ಷ ಕಾದಿದ್ದ ಮಾತು. ಅವನು ಹವೆಯ ಸುದ್ದಿ ಹೇಳಿದ ಹಾಗೆ ಹೇಳಿ, ಪುಸ್ತಕ ಅವಳ ತೊಡೆಯ ಮೇಲಿಟ್ಟ. "ಆ ಕಡೆ ಮಾತ್ರ ಖಾಲಿ. ಅದಕ್ಕೆ ನಾನು ಬಂದಿದ್ದೀನಿ. ಆ ದಪ್ಪ ಹುಡುಗನ್ನ ಕರಿ, ದನಿ ಹಿಡಿಯೋ ಪೆಟ್ಟಿಗೆ ಎಲ್ಲಿದೆ ಕೇಳು."

ಬ್ರಾನ್ ಎರಡೂವರೆ ಸೆಕೆಂಡು ಬಿಟ್ಟು ಅಳತೊಡಗಿದಳು.

ನಿನ್ನೆಯಿಂದ ಅಲ್ಲೇ ಕೂತಿದ್ದಾನೆ, ಒಂದು ಕರೆ ಹೆಚ್ಚುಕಡಿಮೆಯಾದರೂ ಐವತ್ತು ನಿಮಿಷವನ್ನೂ ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಎರಡು ನಿಮಿಷಕ್ಕೊಮ್ಮೆ ಬಗ್ಗಿ ಕರೆಯುತ್ತಾನೆ, ಹಿಂದಕ್ಕೆ ಒರಗುತ್ತಾನೆ. "ಕೇಳಿಸ್ತಿದೆಯಾ? ನಾವಿಲ್ಲೇ ಇದ್ದೀವಿ. ನಿನ್ನ ಕಡೆಗೇ ಮುಖ ಇಟ್ಟಿದ್ದೀವಿ." ಒಮ್ಮೆ ಹೇಳಿ ಅದನ್ನೇ ಇಪ್ಪತ್ತೈದು ಸಲ ಹಾಕಬಹುದು ಎಂದು ತೆವಿಟಾ ಮೆಲ್ಲಗೆ ಹೇಳಿ ನೋಡಿದ. "ಕಾಯ್ತಿರೋನಿಗೆ ಗೊತ್ತಾಗತ್ತೆ ಕಣಪ್ಪ" ಎಂದುಬಿಟ್ಟ ಕ್ಲೈವ್. ಹಿಡಿ ಒತ್ತದೆ ಐವತ್ತು ನಿಮಿಷ ಕೂರುವವನು ಲೋಕದಲ್ಲಿ ಇನ್ನೊಬ್ಬ ಇದ್ದಾನೋ ಇಲ್ಲವೋ, ಇದ್ದರೆ ಅವನಿಗೆ ಪೂರ್ತಿ ಐವತ್ತು ನಿಮಿಷದ ಕರೆ ಕಾದಿರುತ್ತದೆ.

ಸಾಕು, ಬರೆದದ್ದು ಮಡಚಿಡು. ಈಗ ಒಂದು ಕೆಲಸ ಮಾಡು ಮಗು. ಅಗೋ, ಸಕ್ಕರೆ ಡಬ್ಬಿಯ ಪಕ್ಕ ಅವನ ಓದುವ ಕನ್ನಡಕ ಬಿದ್ದಿದೆ, ನಿನ್ನೆ ಚಹ ಕುಡಿಯುವಾಗ ಬಿಟ್ಟುಹೋಗಿದ್ದಾನೆ. ಆ ಇರುವೆ ಅಕ್ಷರವನ್ನು ನಿನ್ನೆಯಿಂದ ಅಂದಾಜಿನ ಮೇಲೆ ಓದುತ್ತಿರಬೇಕು, ಮುಠ್ಠಾಳ. ಅದನ್ನೂ ಒಲೆಯ ಮೇಲಿರುವ ಸೂಪಿನ ಪಾತ್ರೆಯನ್ನೂ ಕೊಟ್ಟಿಗೆಗೆ ಮುಟ್ಟಿಸಿ ಬಾ. ಮುಚ್ಚಳ ಬಿಗಿಯಾಗಿ ಹಾಕು, ಇವತ್ತು ಪಶ್ಚಿಮದ ಗಾಳಿ ಇದೆ, ಮಣ್ಣು ಬೀಳುತ್ತದೆ. ಬಾಗಿಲು ತಟ್ಟಬೇಡ. ಅವನು ಕರೆದು ಹಿಂದಕ್ಕೆ ಒರಗುವವರೆಗೆ ಹೊಸಿಲಲ್ಲೇ ನಿಂತು, ಆಮೇಲೆ ಒಳಗೆ ಹೋಗು. ಕುಡಿಯುವವರೆಗೂ ಅಲ್ಲೇ ಇರು, ಈ ಸಲವೂ ಸೂಪು ಕೆನೆಗಟ್ಟಿತೆಂದರೆ ನಾನು ಸುಮ್ಮನಿರುವುದಿಲ್ಲ ಎಂದು ಹೇಳು.